ಸಕ್ಕರೆ ಎತ್ತಿನ ಕಾಲುಗಳು

ಚೆಂದದ ಕೇಕಿನ ಪಕ್ಕದಲ್ಲಿ ನಗುಮುಖ ಹೊತ್ತು ನಿಲ್ಲುವುದು ನನಗೆ ಬಹಳ ಕಷ್ಟದ ಕೆಲಸ. ಕೇಕು ಸುಮಾರಾಗಿದ್ದರೆ ಈ ತೊಂದರೆಯಿಲ್ಲ, ಧಾರಾಳವಾಗಿ ನಗಬಲ್ಲೆ. ಆದರೆ ಬಂದವರೆಲ್ಲ ಬಾಯಿಯ ಮೇಲೆ ಕೈಯಿಟ್ಟುಕೊಂಡು "ಅಯ್ಯೋ, ನಿಜವಾದದ್ದೇ ಅನ್ಸುತ್ತಲ್ರೀ!" ಎನ್ನುವಂಥ ಕೇಕಾದರೆ ನನ್ನ ತುಟಿಯ ಒಂದು ಕೊನೆ ಮಾತ್ರ ಮೇಲೇರುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ಇದಕ್ಕೆ ಮನೆಯ ಫೋಟೊಗಳಲ್ಲಿ ಸಾಕಷ್ಟು ಸಾಕ್ಷ್ಯವಿದೆ. ಆ ಕೇಕನ್ನು ನಾನೇ ಮಾಡಿರುತ್ತೇನೆ ಎಂಬುದು ಇದರಲ್ಲಿನ ವಿಚಿತ್ರ. ಸರಿಯಾಗಿ ಹೇಳಬೇಕೆಂದರೆ, ಅರ್ಧ ಮಾಡಿರುತ್ತೇನೆ. ಕಾಣದ ಅರ್ಧ.

ಕಾಣುವ ಅರ್ಧ ನನ್ನ ಅತ್ತಿಗೆ ಪಲ್ಲವಿಯವರದು. ಅಣ್ಣನನ್ನು ಮದುವೆಯಾಗಿ ಅಮೃತಹಳ್ಳಿಯ ನಮ್ಮ ಮನೆಗೆ ಬಂದಾಗ ಅವರೊಂದಿಗೆ ಒಂದು ಓವನ್ನು, ಒಂದು ಪೆಟ್ಟಿಗೆ ಬಣ್ಣ, ಗೇಟಿನ ಹತ್ತಿರ ಯಾರ ಜೊತೆಗಾದರೂ ನಿಂತು ಹರಟುವ ಶಕ್ತಿ ಬಂದವು. ಮೊದಲೆರಡನ್ನು ಕೊಂಡುಕೊಳ್ಳಬಹುದು. ಮೂರನೆಯದು ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ನಾನು ಕಲಿತದ್ದು ಕಟ್ಟಡಗಳ ಕಂಬ ತೊಲೆಗಳ ಲೆಕ್ಕ. ಹೆಬ್ಬಾಳದ ಒಂದು ಕಚೇರಿಯಲ್ಲಿ ಬೇರೆಯವರು ಬರೆದ ನಕ್ಷೆಗಳ ತಪ್ಪು ಹುಡುಕುವುದು ನನ್ನ ಉದ್ಯೋಗ. ಅದು ಉದ್ಯೋಗವಲ್ಲ, ಸ್ವಭಾವ ಎಂದು ಮನೆಯವರ ಅಭಿಪ್ರಾಯ.

ನಾನು ಕೇಕಿಗೆ ಕೈಹಾಕಿದ್ದು ಒಂದು ಜಿರಾಫೆಯಿಂದ. ಅತ್ತಿಗೆ ಯಾವುದೋ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕತ್ತೆತ್ತಿ ನಿಂತ ಜಿರಾಫೆ ಮಾಡಿ, ಆರ್.ಟಿ. ನಗರಕ್ಕೆ ಕೊಂಡೊಯ್ದರು. ಹೆಬ್ಬಾಳದ ಮೇಲ್ಸೇತುವೆ ಇಳಿಯುವಷ್ಟರಲ್ಲಿ ಜಿರಾಫೆ ಕತ್ತು ಬಾಗಿಸಿ ತನ್ನ ಬೆನ್ನಿನ ಮೇಲೆಯೇ ಮಲಗಿಬಿಟ್ಟಿತ್ತು. ನಾನಾಗಿದ್ದರೆ ಅಲ್ಲಿಂದಲೇ ಬಸ್ಸು ಹತ್ತಿ ಊರು ಬಿಡುತ್ತಿದ್ದೆ. ಅತ್ತಿಗೆ ಆ ಮನೆಗೆ ಹೋಗಿ, "ಮಗು ಮಲ್ಗೋ ಟೈಮಲ್ವಾ ಆಂಟಿ, ಅದಕ್ಕೇ ಜಿರಾಫೆನೂ ಮಲ್ಗಿಸ್ಬಿಟ್ಟೆ" ಅಂದರಂತೆ. ಅವರೆಲ್ಲ ನಕ್ಕು, ಹೊಗಳಿ, ಹೋಳಿಗೆ ಕೊಟ್ಟು ಕಳಿಸಿದರಂತೆ. ನನಗೆ ಜಿರಾಫೆ ಬಿದ್ದದ್ದಕ್ಕಿಂತ ಆ ಹೋಳಿಗೆ ಹೆಚ್ಚು ಚುಚ್ಚಿತು. ಮಾರನೆಯ ದಿನ ನಾನಾಗಿಯೇ ಅಡುಗೆಮನೆಗೆ ಹೋಗಿ, "ಕತ್ತಿನೊಳಗೆ ಒಂದು ಸರಳು ಬೇಕಿತ್ತು" ಅಂದೆ. ಅಂದಿನಿಂದ ನಮ್ಮ ಕೇಕುಗಳಿಗೆಲ್ಲ ಅತ್ತಿಗೆ ಚರ್ಮ, ನಾನು ಮೂಳೆ.

ಈ ಕಸುಬು ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಪ್ರಾಣಿಯ ಆಕಾರದ ಕೇಕು ಎಂದರೆ ಕೇಕಿನ ರಾಶಿಯನ್ನು ಪ್ರಾಣಿಯ ಹಾಗೆ ಕೆತ್ತುವುದು ಎಂದು ಜನ ತಿಳಿದಿರುತ್ತಾರೆ. ಕೇಕು ಸ್ವತಃ ತನ್ನನ್ನೇ ಹೊರಲಾರದ ಪದಾರ್ಥ. ಸ್ವಲ್ಪ ಎತ್ತರಕ್ಕೆ ಪೇರಿಸಿದರೆ ಸೊಂಟ ಬಿಟ್ಟು ಕೂರುತ್ತದೆ. ಆದ್ದರಿಂದ ಮೊದಲು ದಪ್ಪ ಹಲಗೆ, ಹಲಗೆಗೆ ನಟ್ಟು ಹಾಕಿ ಬಿಗಿದ ಉಕ್ಕಿನ ಸರಳು, ತಿನ್ನುವುದಕ್ಕೆ ಉಕ್ಕು ತಾಗದಂತೆ ಸರಳಿಗೊಂದು ಕೊಳವೆಯ ತೊಡುಗೆ, ಅದರ ಮೇಲೆ ಮತ್ತೊಂದು ಹಲಗೆ. ಕೇಕು ಕೂರುವುದು ಅಲ್ಲಿ. ಬಾಲ, ಕಿವಿ, ಮೂತಿಯಂಥ ಚಾಚಿಕೊಂಡ ಭಾಗಗಳಿಗೆ ಪುರಿಯನ್ನು, ಅಂದರೆ ಮಂಡಕ್ಕಿಯನ್ನು, ಕರಗಿಸಿದ ಚಾಕೊಲೇಟಿನಲ್ಲಿ ಕಲಸಿ ಗಟ್ಟಿಯಾಗಿ ಅದುಮಬೇಕು. ಇಷ್ಟಾದ ಮೇಲೆ ಅತ್ತಿಗೆ ಬಂದು ಫಾಂಡಂಟ್ ಎಂಬ ಸಕ್ಕರೆಯ ಹಿಟ್ಟನ್ನು ಕಣಕದ ಹಾಗೆ ಲಟ್ಟಿಸಿ, ಎಲ್ಲದರ ಮೇಲೂ ಹೊದಿಸಿ, ಬಣ್ಣ ಬಳಿದು, ಕಣ್ಣು ಬರೆದು, ನನ್ನ ಇಡೀ ಶನಿವಾರವನ್ನು ಮುಚ್ಚಿಹಾಕುತ್ತಾರೆ.

ಕಣಕದ ಮಾತು ಬಂದಾಗಲೆಲ್ಲ ನಾನು ಹೋಳಿಗೆಯ ಅದೃಷ್ಟದ ಬಗ್ಗೆ ಯೋಚಿಸುತ್ತೇನೆ. ಹೋಳಿಗೆ ತಿಂದವರು ಹೊಗಳುವುದು ಹೂರಣವನ್ನು. ಅಲ್ಲಿ ಒಳಗಿರುವವರಿಗೇ ಮರ್ಯಾದೆ. ನಾನು ಹೋಳಿಗೆಯ ಕಸುಬಿನಲ್ಲಿ ಇರಬೇಕಿತ್ತು. ಉಳಿದಂತೆ ಈ ಲೋಕದಲ್ಲಿ ಒಳಗಿದ್ದು ಹೊರುವವರಿಗೆ ಹೆಸರಿಲ್ಲ. ಮದುವೆಮನೆಯಲ್ಲಿ ಸೀರೆಯ ನೆರಿಗೆ ನೋಡುತ್ತಾರೆ. ಅದರೊಳಗೆ ಉಸಿರು ಬಿಗಿಹಿಡಿದಿರುವ ಪಿನ್ನುಗಳನ್ನು ಯಾರು ಕೇಳಿದ್ದಾರೆ? ಹೆಣ್ಣು ನೋಡಲು ಬಂದವರು ಬಣ್ಣ, ಮೂಗು, ಕೂದಲು ಎನ್ನುತ್ತಾರೆಯೇ ಹೊರತು, "ಹುಡುಗಿ ಮೂಳೆ ಬಹಳ ಚೆನ್ನಾಗಿದೆ" ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ನನ್ನನ್ನು ನೋಡಲು ಬಂದವರೂ ಹೇಳಲಿಲ್ಲ. ಆ ವಿಷಯ ಇಲ್ಲಿಗೆ ಸಾಕು.

ನನಗೆ ಹೊಟ್ಟೆಕಿಚ್ಚು ಎಂದು ನೀವು ಈಗಾಗಲೇ ಊಹಿಸಿರುತ್ತೀರಿ. ನಾನು ಅಲ್ಲಗಳೆಯುವುದಿಲ್ಲ. ಹಿರಿಯರು ಮನುಷ್ಯನ ಆರು ವೈರಿಗಳನ್ನು ಹೆಸರಿಸುವಾಗ ಮತ್ಸರವನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ಕಾಮ, ಕ್ರೋಧಗಳಿಗೆಲ್ಲ ಮುಂದಿನ ಸಾಲಿನ ಕುರ್ಚಿ, ಮತ್ಸರಕ್ಕೆ ಬಾಗಿಲ ಹತ್ತಿರದ ಸ್ಟೂಲು. ಹಾಗೆ ಹಿಂದೆ ಕೂರಿಸಿದ್ದಕ್ಕೇ ಅದಕ್ಕೆ ಆ ಬುದ್ಧಿ ಬಂದಿರಬೇಕು. ಇನ್ನೊಂದು ಸಂಗತಿಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅತ್ತಿಗೆ ಮೊದಮೊದಲು ಫೋನಿನಲ್ಲಿ ಕೇಕುಗಳ ಚಿತ್ರ ಹಾಕುವಾಗ ನನ್ನ ಹೆಸರನ್ನೂ ಬರೆಯಲು ಹೊರಟಿದ್ದರು. ಬೇಡ ಎಂದವಳು ನಾನೇ. ಊಟದಲ್ಲಿ ಬೇಡ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ, ಆ ಕೈ ಸರಿಸಿ ಬಡಿಸುವುದು ನಮ್ಮ ಕಡೆಯ ಪದ್ಧತಿ. ಅತ್ತಿಗೆ ನನ್ನ ಮಾತನ್ನು ನಂಬಿಬಿಟ್ಟರು. ಇಂಥ ನಂಬಿಕೆಯನ್ನು ಕ್ಷಮಿಸುವುದು ಸುಲಭವಲ್ಲ.

ಸಿಂಗಾಪುರದ ಮುನಿರಾಜು ಎಂಬವರು ಕೇಕು ಬೇಕೆಂದು ಬಂದದ್ದು ಈ ಕಿಚ್ಚು ಚೆನ್ನಾಗಿ ಹೊತ್ತಿಕೊಂಡಿದ್ದ ಕಾಲದಲ್ಲಿ. ಸಿಂಗಾಪುರ ಎಂದರೆ ವಿಮಾನದಲ್ಲಿ ಹೋಗುವುದಲ್ಲ, ವಿದ್ಯಾರಣ್ಯಪುರದ ಪಕ್ಕದ್ದು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಡಾವಣೆಯಿದೆ, ಮುನಿರಾಜು ಮನೆಗಳನ್ನು ಕಟ್ಟಿಸಿ ಮಾರುತ್ತಾರೆ. ತಂದೆಗೆ ಎಂಬತ್ತು ತುಂಬುವ ಸಮಾರಂಭ. ಫೋನಿನಲ್ಲಿ ಒಂದು ಹಳೆಯ ಫೋಟೊ ತೋರಿಸಿದರು: ಯೌವನದ ತಂದೆ, ಪಕ್ಕದಲ್ಲಿ ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಹಳ್ಳಿಕಾರ್ ಎತ್ತು. ಇಬ್ಬರಲ್ಲಿ ಎತ್ತಿನ ಮುಖದಲ್ಲೇ ಹೆಚ್ಚು ಗತ್ತಿತ್ತು.

"ಇದನ್ನ ಮಾಡ್ಬೇಕು ಮೇಡಂ. ಕೂತಿರೋದು ಬ್ಯಾಡ, ನಿಂತಿರ್ಬೇಕು. ಕೆಳಗಡೆ ರಾಗಿ ಹೊಲ. ನಮ್ಮಪ್ಪ ನೋಡಿದ್ ತಕ್ಷಣ ಶಾಕ್ ಆಗ್ಬೇಕು" ಅಂದರು.

ಅತ್ತಿಗೆ "ಆಗುತ್ತೆ ಅಣ್ಣ, ನಿಲ್ಸೋಣ" ಎಂದು ಒಪ್ಪಿಕೊಂಡುಬಿಟ್ಟರು. ನಿಲ್ಲಿಸುವವಳು ಪಕ್ಕದಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ.

ನಮ್ಮ ದೇವಸ್ಥಾನಗಳಲ್ಲಿ ನಂದಿ ಸಾಮಾನ್ಯವಾಗಿ ಕೂತೇ ಇರುವುದನ್ನು ನೀವು ಗಮನಿಸಿರಬಹುದು. ಅದಕ್ಕೆ ಭಕ್ತಿಯ ಕಾರಣವನ್ನು ಯಾರಾದರೂ ಹೇಳಬಲ್ಲರು. ನನಗಂತೂ ಅಲ್ಲಿ ಶಿಲ್ಪಿಯ ಜಾಣತನ ಕಾಣುತ್ತದೆ. ಅಷ್ಟು ದೊಡ್ಡ ಹೊಟ್ಟೆ, ಅಷ್ಟು ಸಣ್ಣ ಕಾಲು. ಕಲ್ಲಿನಲ್ಲೇ ಅದನ್ನು ನಿಲ್ಲಿಸುವ ಉಸಾಬರಿ ಬೇಡ ಎಂದು ಕಾಲು ಮಡಿಸಿ ಕೂರಿಸಿದ್ದಾರೆ. ಕಲ್ಲು ಕಂಡವರೇ ಹಾಗಿರುವಾಗ ನನಗೆ ಕೊಟ್ಟದ್ದು ಸ್ಪಾಂಜ್ ಕೇಕು. ಹೊಟ್ಟೆಯ ಕೆಳಗೆ ಒಂದು ಪೊದೆ ಇಟ್ಟು, ಅದರೊಳಗೆ ಐದನೆಯ ಕಂಬ ಬಚ್ಚಿಡಬಹುದು ಎಂದು ಅತ್ತಿಗೆ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಎತ್ತಿಗೆ ನಾಲ್ಕೇ ಕಾಲು. ಹಟಕ್ಕೆ ಬಿದ್ದು ನಾಲ್ಕರಲ್ಲೇ ನಿಲ್ಲಿಸಿದೆ. ಸರಳುಗಳು ಗೊರಸಿನಿಂದ ಕೆಳಕ್ಕೂ ಇಳಿದು, ರಾಗಿ ಹೊಲದ ಕೇಕನ್ನು ತೂರಿಕೊಂಡು, ತಳದ ಹಲಗೆಗೆ ಬಿಗಿದುಕೊಂಡಿದ್ದವು. ಹೊಲ ಎತ್ತಿನ ಸುತ್ತ ಸುಮ್ಮನೆ ಹಾಸಿಕೊಂಡಿತ್ತು. ಎತ್ತಿನ ಭಾರದಲ್ಲಿ ಒಂದು ತೊಲವನ್ನೂ ಅದು ಹೊರುತ್ತಿರಲಿಲ್ಲ. ಅಡ್ಡಕ್ಕೆ ಅಲುಗದಿರಲೆಂದು ಹೊಟ್ಟೆಯೊಳಗೆ ಓರೆಪಟ್ಟಿಗಳನ್ನು ಕೊಟ್ಟೆ. ಖಾಲಿ ಅಸ್ಥಿಪಂಜರ ಅಡುಗೆಮನೆಯ ಕಟ್ಟೆಯ ಮೇಲೆ ನಿಂತಾಗ ನನಗೆ ಅದು ಬಹಳ ಸುಂದರವಾಗಿ ಕಂಡಿತು. ಅಮ್ಮ ನೀರು ಕುಡಿಯಲು ಬಂದವರು, "ಇದೇನು, ಬಟ್ಟೆ ಒಣಗಿಸೋ ಸ್ಟ್ಯಾಂಡಾ?" ಎಂದು ಕೇಳಿ ಹೋದರು.

ಅದೇ ವಾರ ಅಮ್ಮ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ನಮ್ ಪಲ್ಲವಿ ಕೇಕ್ ಮಾಡ್ತಾಳಲ್ಲ, ಇವ್ಳೂ ಸ್ವಲ್ಪ ಸಹಾಯ ಮಾಡ್ತಾಳೆ, ಟೈಮ್ ಪಾಸ್‌ಗೆ." ನಾನು ಆ ಹೊತ್ತಿಗೆ ನಟ್ಟು ಬಿಗಿಯುತ್ತಿದ್ದೆ. ಅಗತ್ಯಕ್ಕಿಂತ ಹೆಚ್ಚು ಬಿಗಿದೆ. ಬಿಗಿಯುತ್ತಲೇ ನಿರ್ಧಾರ ಮಾಡಿದೆ: ಈ ಎತ್ತೇ ಕೊನೆ. ಯಶವಂತಪುರದ ಯಾರೋ ಮದುವೆಗೆ ನವಿಲಿನ ಕೇಕು ಕೇಳಿದ್ದರು. ಅತ್ತಿಗೆಗೆ ಅಷ್ಟು ದೊಡ್ಡ ಕೆಲಸ ಇದೇ ಮೊದಲು. ಅದೊಂದು ಆದರೆ ಆಮೇಲೆ ಅಡುಗೆಮನೆಯಿಂದ ಹೊರಗೆ, ಸ್ವಂತ ಜಾಗದಲ್ಲಿ ಕಸುಬು ನಡೆಸಬಹುದೆಂದು ಆಸೆಪಟ್ಟಿದ್ದರು. ಒಪ್ಪಿಕೊಳ್ಳಲೇ ಎಂದು ನನ್ನನ್ನು ಕೇಳಿದರು. "ಎತ್ತು ಸಿಂಗಾಪುರ ಮುಟ್ಟಲಿ. ವಾಪಸ್ ಬರುವಾಗ ಹೇಳ್ತೀನಿ" ಅಂದೆ. ಇಲ್ಲ ಎಂದೇ ಹೇಳುವುದಿತ್ತು. ಸರಳಿಲ್ಲದೆ ನವಿಲು ಹೇಗೆ ನಿಲ್ಲುತ್ತದೆ ನೋಡೋಣ ಎಂದು ನನ್ನೊಳಗಿನ ಆರನೆಯ ವೈರಿ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ಎತ್ತು ಹೊರಟಿತು. ಕಾರಿನ ಹಿಂದಿನ ಸೀಟು ಮಡಚಿ ನೆಲ ಮಟ್ಟ ಮಾಡಿ, ಜಾರದ ಹಾಗೆ ರಬ್ಬರಿನ ಹಾಸು ಹಾಕಿ, ಅದರ ಮೇಲೆ ಹಲಗೆ ಇಟ್ಟೆವು. ಅತ್ತಿಗೆ ಚಾಲಕಿ. ನಾನು ಹಿಂದೆ, ಎತ್ತಿನ ಪಕ್ಕದಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಸಕ್ಕರೆ ಬೆವರದಿರಲೆಂದು ಎ.ಸಿ. ಎಷ್ಟು ಜೋರಾಗಿ ಹಾಕಿದ್ದೆವೆಂದರೆ ಎತ್ತಿಗೆ ಹಿತವಾಗಿತ್ತು, ನಾನು ಶಾಲು ಹೊದ್ದಿದ್ದೆ. ಬೆಂಗಳೂರಿನ ರಸ್ತೆಗಳನ್ನು ತಿಳಿಯಬೇಕಾದರೆ ಕೇಕಿನ ಪಕ್ಕ ಕೂತು ಹೋಗಬೇಕು. ರಸ್ತೆಯುಬ್ಬು ಎಂದರೆ ಬರಿಯ ಉಬ್ಬಲ್ಲ. ಕೆಲವು ಸಭ್ಯವಾಗಿ ಎತ್ತಿ ಸಭ್ಯವಾಗಿ ಇಳಿಸುತ್ತವೆ, ಕೆಲವು ಎತ್ತಿ ಕೈಬಿಡುತ್ತವೆ. ಕೊಡಿಗೇಹಳ್ಳಿಯ ರೈಲ್ವೆ ಕೆಳಸೇತುವೆಯ ಇಳಿಜಾರಿನಲ್ಲಿ ನಾನು ಎತ್ತಿನ ಹೊಟ್ಟೆಯ ಕೆಳಗೆ ಎರಡು ಕೈ ಚಾಚಿ, ಮುಟ್ಟದೆ, ಹೆರಿಗೆ ಮಾಡಿಸುವವಳ ಹಾಗೆ ಕೂತಿದ್ದೆ.

ನಮ್ಮ ಹಿಂದೆ ಒಂದು ಆಟೊ ಬಹಳ ಹೊತ್ತಿನಿಂದ ಹಾರ್ನ್ ಹೊಡೆಯುತ್ತಿತ್ತು. ತಿಂಡ್ಲುವಿನ ಹತ್ತಿರ ರಸ್ತೆ ಅಗಲವಾದಾಗ ಅದು ಪಕ್ಕಕ್ಕೆ ಬಂತು. ಚಾಲಕ ತಲೆ ಹೊರಗೆ ಹಾಕಿ ಕೂಗಿದ: "ಏನ್ ಮೇಡಂ, ಕಾರ್ ಓಡಿಸ್ತಿದ್ದೀರಾ, ಎತ್ತಿನ ಗಾಡಿ ಓಡಿಸ್ತಿದ್ದೀರಾ?"

ಅತ್ತಿಗೆ ಗಾಜು ಇಳಿಸಿ, "ಎತ್ತಿನ ಗಾಡಿನೇ ಗುರು! ಹಿಂದೆ ನೋಡು, ಎತ್ತು ಆರಾಮಾಗಿ ಕೂತಿದೆ!" ಅಂದರು.

ಅವನು ಹಿಂದಿನ ಗಾಜಿನಿಂದ ಇಣುಕಿ, ಕೊಂಬು ನೋಡಿ, "ಅಯ್ಯೋ ದೇವ್ರೇ" ಎಂದು ಹಣೆಗೆ ಕೈ ಮುಟ್ಟಿಸಿಕೊಂಡು ನಿಧಾನವಾಗಿ ಹಿಂದೆ ಸರಿದ. ಸಿಂಗಾಪುರದವರೆಗೂ ಬೇರೆ ಯಾರನ್ನೂ ಹಾರ್ನ್ ಹೊಡೆಯಲು ಬಿಡದೆ, ಕಾವಲಿನ ಹಾಗೆ ಹಿಂದೆಯೇ ಬಂದ. ಅತ್ತಿಗೆ ನಗುತ್ತಿದ್ದರು. ಎತ್ತು ಕೂತಿಲ್ಲ, ನಿಂತಿದೆ ಎಂದು ನಾನು ಹಿಂದಿನಿಂದ ತಿದ್ದಿದೆ. ಅವರಿಗೆ ಕೇಳಿಸಲಿಲ್ಲ. ಸಮಯಕ್ಕೆ ಸರಿಯಾಗಿ ಬಾಯಿಗೆ ಬರುವ ಇಂಥ ಮಾತಿಗೂ ನನಗೆ ಹೊಟ್ಟೆಕಿಚ್ಚು. ನನಗೂ ಇಂಥ ಉತ್ತರಗಳು ಹೊಳೆಯುತ್ತವೆ, ಮಾರನೆಯ ದಿನ ಸ್ನಾನ ಮಾಡುವಾಗ.

ಮುನಿರಾಜು ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಎತ್ತನ್ನು ಮೇಜಿನ ಮೇಲೆ ಇಟ್ಟು ಕಾರಿನಿಂದ ಇಳಿಸುವಾಗ ಮುಚ್ಚಿದ್ದ ಪೆಟ್ಟಿಗೆ ತೆಗೆದಾಗ ಎಲ್ಲರೂ ಒಟ್ಟಿಗೆ ಮಾತನಾಡಿದರು. ಬೂದು ಮೈ, ಭುಜದ ಹತ್ತಿರ ಕಪ್ಪಾಗುವ ಬಣ್ಣ, ಒದ್ದೆ ಮೂತಿ, ಹಣೆಯ ಮೇಲೆ ಕುಚ್ಚು. ಕಣ್ಣಂತೂ ಯಾವ ಕಡೆ ನಿಂತರೂ ನಮ್ಮನ್ನೇ ನೋಡುತ್ತಿತ್ತು. ಜನ ಅತ್ತಿಗೆಯನ್ನು ಸುತ್ತಿಕೊಂಡರು. "ಕೈಗೆ ಬಂಗಾರದ ಬಳೆ ಹಾಕ್ಬೇಕಮ್ಮ ನಿಂಗೆ" ಎಂದು ಯಾರೋ ಹೆಂಗಸು ಅವರ ಗಲ್ಲ ಹಿಡಿದರು. ನನ್ನ ಕೈಗೆ ಒಬ್ಬರು ಫೋನು ಕೊಟ್ಟು, "ಸ್ವಲ್ಪ ಫೋಟೊ ತೆಗೀರಮ್ಮ, ಆ ಮೇಡಂ ಜೊತೆ" ಅಂದರು. ತೆಗೆದೆ. ನನಗೆ ಫೋಟೊದ ಚೌಕಟ್ಟು ಓರೆಯಾದರೆ ಆಗುವುದಿಲ್ಲ, ಆದ್ದರಿಂದ ಅತ್ತಿಗೆಯ ವೈಭವವನ್ನು ಬಹಳ ನೇರವಾಗಿ, ಸ್ಪಷ್ಟವಾಗಿ ತೆಗೆದೆ.

ತಾತನನ್ನು ಕರೆತಂದರು. ಬಿಳಿ ಪಂಚೆ, ರೇಷ್ಮೆ ವಲ್ಲಿ. ಅವರು ಎತ್ತನ್ನು ನೋಡಿ, ಅದರ ಬೆನ್ನಿನ ಮೇಲೆ ಕೈಯಿಡಲು ಹೋಗಿ, ಸಕ್ಕರೆ ಎಂದು ನೆನಪಾಗಿ, ಹಿಂದಕ್ಕೆ ತೆಗೆದುಕೊಂಡರು. ಮುನಿರಾಜು ಅವರ ಕೈಗೆ ರಿಬ್ಬನ್ ಕಟ್ಟಿದ ಚಾಕು ಕೊಟ್ಟರು. ಎಲ್ಲರೂ ಹಾಡಲು ಬಾಯಿ ತೆರೆದರು.

ಆಗ ಅಜ್ಜಿ, ತಾತನ ಹೆಂಡತಿ, ಕುರ್ಚಿಯಿಂದ ಎದ್ದು ನಿಂತರು. "ಏನ್ಲಾ ಮುನಿರಾಜ, ಬಸವಣ್ಣನ್ ಕುತ್ತಿಗೆಗೆ ಚಾಕು ಇಕ್ಕುಸ್ತೀಯೇನ್ಲಾ? ಅದೂ ನಿಮ್ಮಪ್ಪನ್ ಕೈಲಿ?"

ತೆರೆದ ಬಾಯಿಗಳು ಹಾಡದೆ ಮುಚ್ಚಿಕೊಂಡವು.

"ಅವ್ವಾ, ಇದು ಕೇಕವ್ವಾ. ಮೊಟ್ಟೆ ಕೂಡ ಹಾಕಿಲ್ಲ."

"ಕೇಕಾದ್ರೇನು? ಕಣ್ಣೈತೆ, ಕೊಂಬೈತೆ, ನನ್ನೇ ನೋಡ್ತೈತೆ."

"ಸಂಕ್ರಾಂತಿ ಸಕ್ಕರೆ ಅಚ್ಚಲ್ಲಿ ಬಸವಣ್ಣನ್ನ ನೀನೇ ಕಟುಂ ಅಂತ ತಿಂತೀಯಲ್ಲವ್ವ?"

"ಬಾಯಲ್ಲಿ ಇಕ್ಕೋದು ಬ್ಯಾರೆ, ಚಾಕು ಇಕ್ಕೋದು ಬ್ಯಾರೆ! ಇಂಗೆಲ್ಲ ಆಡ್ಬ್ಯಾಡ ಕಣ್ಲಾ, ಒಳ್ಳೇ ದಿವ್ಸ."

ಯಾರೋ ಬಾಲವನ್ನಷ್ಟೇ ಕತ್ತರಿಸಿದರಾಗದೇ ಎಂದರು. ಅಜ್ಜಿ ಅವರನ್ನು ನೋಡಿದ ನೋಟಕ್ಕೆ ಅವರು ಶಾಮಿಯಾನದ ಹಿಂಬದಿಗೆ ಹೋದರು. ತಾತ ಚಾಕುವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟುಬಿಟ್ಟರು. ಕೇಕು ಕತ್ತರಿಸದೆ ಊಟಕ್ಕೆ ಎಲೆ ಹಾಕುವಂತಿಲ್ಲ, ಕೇಕು ಕತ್ತರಿಸುವಂತಿಲ್ಲ. ಇಷ್ಟು ದಿನ ನಾನು ಬಿಸಿಲಿನ ಬಗ್ಗೆ, ಉಬ್ಬುಗಳ ಬಗ್ಗೆ, ಕೊಂಬಿನ ಭಾರದ ಬಗ್ಗೆ ಯೋಚಿಸಿದ್ದೆ. ಎತ್ತಿಗೆ ಕಡೆಯಲ್ಲಿ ಯಾರೋ ಚಾಕು ಹಾಕಬೇಕು ಎಂಬುದು, ಬಸವನಿಗೆ ಕೈಮುಗಿಯುತ್ತಲೇ ಬೆಳೆದ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮುನಿರಾಜು ಅತ್ತಿಗೆಯ ಕಡೆ ತಿರುಗಿ, "ಇಷ್ಟೊಂದ್ ನಿಜದ್ ಥರ ಮಾಡ್ಬೇಕಾಗಿತ್ತಾ ಮೇಡಂ?" ಅಂದರು. ಸ್ವಲ್ಪ ಹೊತ್ತಿನ ಹಿಂದೆ ಅತ್ತಿಗೆಯನ್ನು ಸುತ್ತಿಕೊಂಡಿದ್ದವರು ಒಂದೊಂದೇ ಹೆಜ್ಜೆ ದೂರ ನಿಂತಿದ್ದರು.

ಮಲಗಿದ ಜಿರಾಫೆಯನ್ನು ಮಾತಿನಲ್ಲೇ ದಾಟಿಸಿದ್ದ ಅತ್ತಿಗೆ ಕೆಂಪೇರಿ, ದುಪಟ್ಟಾದ ತುದಿ ತಿರುವುತ್ತಾ, ನನ್ನ ಕಡೆ ನೋಡಿದರು. ಆ ಕ್ಷಣ ನನಗೆ ಸಂತೋಷವಾಯಿತು. ಬರೆಯಲು ಮುಜುಗರವಾಗುವಷ್ಟು ಸಂತೋಷವಾಯಿತು. ನಾನು ಸುಮ್ಮನಿದ್ದರೆ ಸಾಕಿತ್ತು. ಯಶವಂತಪುರದ ನವಿಲಿಗೆ ಇಲ್ಲ ಎನ್ನುವ ಶ್ರಮವೂ ನನಗೆ ಉಳಿಯುತ್ತಿತ್ತು. ಸಿಂಗಾಪುರದ ಸುದ್ದಿ ಯಶವಂತಪುರ ಮುಟ್ಟಲು ಎಷ್ಟು ಹೊತ್ತು!

ಹಾಗಿದ್ದೂ ನಾನು ಬಾಯಿ ತೆರೆದದ್ದು ಔದಾರ್ಯದಿಂದಲ್ಲ. "ಈ ಎತ್ತು ಕೆಳಗಿಳಿಸಿ ಮೂತಿ ಗೀತಿ ಕಿತ್ತಾಕಿ, ಸುಮ್ನೆ ಕೇಕ್ ಮಾಡ್ಬಿಡ್ರಮ್ಮ" ಎಂದು ಯಾರೋ ಅಂದರು. ಕಿತ್ತುಹಾಕುವುದೇ? ನನ್ನ ಓರೆಪಟ್ಟಿಗಳನ್ನೇ? ಸಿಟ್ಟಿನಲ್ಲಿ ನನ್ನ ದನಿ ನನಗೇ ಪರಿಚಯವಿಲ್ಲದಷ್ಟು ಜೋರಾಗಿ ಬಂತು: "ಎತ್ತು ಮುಟ್ಟಬೇಡಿ. ಹೊಲ ಕತ್ತರಿಸಿ."

ಎಲ್ಲರೂ ಫೋಟೊ ತೆಗೆದ ಹುಡುಗಿಯ ಕಡೆ ತಿರುಗಿದರು.

"ಹೊಲ ಕುಯ್ದ್ರೆ ಎತ್ತು ಬಿದ್ದೋಗಲ್ವೇನಮ್ಮ?" ಎಂದು ಮುನಿರಾಜು ಕೇಳಿದರು.

"ಬೀಳಲ್ಲ."

"ಅದೆಂಗೆ? ಅದರ ಮೇಲೇ ನಿಂತೈತಲ್ಲ!"

"ನಿಂತ ಹಾಗೆ ಕಾಣುತ್ತೆ. ಹೊಲ ಪೂರ್ತಿ ತಿಂದರೂ ನಿಲ್ಲುತ್ತೆ."

ಅಜ್ಜಿ ಸ್ವಲ್ಪ ಯೋಚಿಸಿ, ಹೊಲಕ್ಕೆ ಚಾಕು ಇಕ್ಕಬಹುದು, ಅದೇನು ಹೊಸದಲ್ಲ ಎಂದು ತೀರ್ಪು ಕೊಟ್ಟರು. ತಾತ ಮತ್ತೆ ಚಾಕು ತೆಗೆದುಕೊಂಡರು. ಕೇಕು ಕತ್ತರಿಸುವವರು ಮೇಲಿನಿಂದ ಕೆಳಕ್ಕೆ ಒತ್ತುತ್ತಾರೆ. ತಾತ ಚಾಕುವಿನ ತುದಿಯನ್ನು ಹೊಲದ ಒಂದು ಅಂಚಿನಲ್ಲಿ ಊರಿ, ಎತ್ತಿನ ಮುಂದಿನಿಂದ ಇನ್ನೊಂದು ಅಂಚಿನವರೆಗೆ, ಉದ್ದಕ್ಕೆ, ನೇರವಾಗಿ ಎಳೆದುಕೊಂಡು ಹೋದರು. ಹಸಿರು ಕೆನೆಯಡಿಯಿಂದ ಕಪ್ಪು ಕೇಕು ಇಬ್ಬದಿಗೂ ಮಗುಚಿಕೊಂಡಿತು. ನೇಗಿಲಿನಿಂದ ಸಾಲು ಹೊಡೆದ ಹಾಗೆ. ಆಗ ಯಾರಿಗೂ ಹಾಡುವುದು ನೆನಪಾಗಲಿಲ್ಲ.

ಆಮೇಲೆ ಗದ್ದಲ ಶುರುವಾಯಿತು. ಮುನಿರಾಜು ಅವರ ಸ್ನೇಹಿತರೊಬ್ಬರು ತಟ್ಟೆ ಚಾಚಿ, "ನಂಗೊಂದು ಮೂವತ್ತು ನಲವತ್ತು ಕೊಡಮ್ಮ, ಕಾರ್ನರ್ ಸೈಟೇ ಬೇಕು" ಅಂದರು. ಇನ್ನೊಬ್ಬರು, "ಲೇ ಮಗಾ, ಕಾರ್ನರೆಲ್ಲ ಮುನಿರಾಜಂದು, ನಿಂಗೆ ರಾಜಕಾಲುವೆ ಪಕ್ಕ" ಅಂದರು. ಪೂರ್ವಕ್ಕೆ ಮುಖ ಇರುವುದೇ ಬೇಕೆಂದು ಒಬ್ಬರು ಪಟ್ಟು ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ರಾಗಿ ಹೊಲ ನಿವೇಶನಗಳಾಗಿ ತಟ್ಟೆ ತಟ್ಟೆಗೆ ಹಂಚಿಹೋಯಿತು. ಮುನಿರಾಜು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ತಾತ ಮಾತ್ರ ನಗದೆ ತಮ್ಮ ಪಾಲಿನ ತುಂಡನ್ನು ನಿಧಾನವಾಗಿ ತಿನ್ನುತ್ತಾ ಎತ್ತನ್ನು ನೋಡುತ್ತಿದ್ದರು.

ಎತ್ತು ನಿಂತಿತ್ತು. ಕೆಳಗೆ ಹೊಲವಿಲ್ಲ, ನೆಲವಿಲ್ಲ. ಗೊರಸಿನಡಿಯಿಂದ ನನ್ನ ಸರಳುಗಳು ಹಲಗೆಯವರೆಗೆ ಬತ್ತಲಾಗಿ ಇಳಿದಿದ್ದವು. ಮೇಜಿಗೆ ಯಾರೋ ಸೊಂಟ ತಾಗಿಸಿದರು, ಕುಚ್ಚು ತೂಗಿತು, ಕಾಲು ಅಲುಗಲಿಲ್ಲ. ಅಜ್ಜಿ ಕುಂಕುಮ ತಂದು ಅದರ ಹಣೆಗೆ ಇಟ್ಟು, "ನೋಡ್ರವ್ವಾ, ಬಸವಣ್ಣ ಗಾಳಿ ಮ್ಯಾಲೆ ನಿಂತವ್ನೆ!" ಎಂದು ಕೈಮುಗಿದರು. ಹಲವರು ಮುಗಿದರು. ನಾನು ದಿಗಿಲುಗೊಂಡೆ. ಇಲ್ಲಿಯವರೆಗೆ ಹೆಸರು ತೆಗೆದುಕೊಳ್ಳಲು ಅತ್ತಿಗೆಯೊಬ್ಬರೇ ಇದ್ದರು. ಈಗ ಪೈಪೋಟಿಗೆ ದೇವರೂ ಬಂದಿದ್ದ. ದೇವರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟರ ಮಟ್ಟಿಗೆ ನಾನು ಬೆಳೆದಿದ್ದೇನೆ ಎಂದು ಅಂದು ತಿಳಿಯಿತು.

ಆದರೆ ತಾತ ಕೈಮುಗಿಯಲಿಲ್ಲ. ಬಗ್ಗಿ, ಎತ್ತಿನ ಹೊಟ್ಟೆಯ ಕೆಳಗೆ ಇಣುಕಿ, ಒಂದು ಸರಳನ್ನು ಬೆರಳಿನಿಂದ ತಟ್ಟಿ ನೋಡಿದರು. "ಕಾಲು ಕಟ್ಟಿದ್ದು ಯಾರು?" ಅಂದರು.

"ಇವ್ಳು ತಾತ, ನಮ್ ನಾದ್ನಿ. ನಿಲ್ಸೋದೆಲ್ಲ ಇವ್ಳೇ" ಎಂದು ಅತ್ತಿಗೆ ನನ್ನ ತೋಳು ಹಿಡಿದು ಮುಂದೆ ತಳ್ಳಿದರು.

ಇಷ್ಟು ವರ್ಷ ನಾನು ಕಾದದ್ದು ಇದೇ ಗಳಿಗೆಗೆ. ಅದು ಬಂದಾಗ ಏನು ಮಾಡಬೇಕೆಂದು ಮಾತ್ರ ಯೋಚಿಸಿರಲಿಲ್ಲ. ಶಾಮಿಯಾನದಲ್ಲಿದ್ದವರೆಲ್ಲ ಸಾಲಾಗಿ ಬಂದು ಬಗ್ಗಿ ಬಗ್ಗಿ ನನ್ನ ಸರಳುಗಳನ್ನು ನೋಡತೊಡಗಿದರು. ಫೋನುಗಳು ಎತ್ತಿನ ಮುಖ ಬಿಟ್ಟು ಹೊಟ್ಟೆಯಡಿಗೆ ಇಳಿದವು. ಒಂದು ಕೊಳವೆಯನ್ನು ನಾನು ಅವಸರದಲ್ಲಿ ಸ್ವಲ್ಪ ಸೊಟ್ಟ ಕತ್ತರಿಸಿದ್ದೆ. ಇನ್ನೊಂದರ ಮೇಲೆ ಪೆನ್ಸಿಲಿನ ಗುರುತು ಹಾಗೇ ಉಳಿದಿತ್ತು. ಯಾರಿಗೂ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಬಿಟ್ಟದ್ದೆಲ್ಲ ಹಗಲು ಬೆಳಕಿನಲ್ಲಿತ್ತು. ಸಭೆಯಲ್ಲಿ ಸೀರೆ ಸರಿದು ಒಳಲಂಗ ಕಂಡವಳಂತೆ ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. "ಚೆನ್ನಾಗಿ ಕಟ್ಟಿದ್ದೀಯ ಕಣವ್ವ" ಎಂದರು ತಾತ. ನಾನು, "ಅತ್ತಿಗೆ ಬಣ್ಣ ಹಾಕಿದ್ದು" ಎಂದು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟೆ.

ಎತ್ತನ್ನು ಅವರು ವಾಪಸು ಕೊಡಲಿಲ್ಲ. ಇರುವೆ ಬರುವವರೆಗೆ ಹಜಾರದಲ್ಲಿ ಇಟ್ಟುಕೊಳ್ಳುತ್ತಾರಂತೆ. ನಾವು ಖಾಲಿ ಕಾರಿನಲ್ಲಿ ಹೊರಟೆವು. ನಾನು ಈ ಸಲ ಮುಂದಿನ ಸೀಟಿನಲ್ಲಿ ಕೂತೆ. ಅತ್ತಿಗೆ ಉಬ್ಬುಗಳ ಮೇಲೆ ಕಾರನ್ನು ಹಾರಿಸಿಕೊಂಡು ಹೋಗುತ್ತಿದ್ದರು. ತಿಂಡ್ಲು ದಾಟಿದ ಮೇಲೆ, ರಸ್ತೆಯನ್ನೇ ನೋಡುತ್ತಾ ಅಂದರು: "ಆ ಕಣ್ಣು ನೋಡ್ದೆ ತಾನೇ? ಎಷ್ಟ್ ಸಲ ಅಳಿಸಿ ಬರ್ದಿದ್ದೆ. ಕೊನೇಲಿ ಒಬ್ರೂ ಅದನ್ನ ನೋಡ್ಲಿಲ್ಲ. ಎಲ್ರೂ ಕೆಳಗ್ ಬಗ್ಗಿ ಪೈಪ್ ನೋಡ್ಕೊಂಡ್ ಹೋದ್ರು."

"ಸರಳು" ಅಂದೆ.

"ಆಯ್ತು ತಾಯಿ, ಸರಳು. ಮಾಮೂಲಿ ದಿನಾನೂ ಏನು? ಹೊಗಳ್ತಾರೆ, ಆಮೇಲೆ ನನ್ನ ಸಕ್ಕರೆ ಸಿಪ್ಪೆ ಸುಲಿದು ತಟ್ಟೆ ಅಂಚಿಗೆ ಇಡ್ತಾರೆ. ತುಂಬಾ ಸಿಹಿ ಅಂತೆ. ನಿಂದಾದ್ರೆ ತೊಳ್ದು ಮನೆಗೆ ತಗೊಂಡ್ ಬರ್ತೀಯ. ಲಕ್ಕಿ ಕಣೇ ನೀನು."

ನಾನು ತಟ್ಟೆಯ ಅಂಚುಗಳನ್ನು ಯಾವತ್ತೂ ನೋಡಿರಲಿಲ್ಲ. ನನ್ನ ಕಣ್ಣು ಯಾವಾಗಲೂ ಅವರ ಸುತ್ತ ಎಷ್ಟು ಜನ ನಿಂತಿದ್ದಾರೆ ಎಂಬುದರ ಮೇಲಿರುತ್ತಿತ್ತು.

ಕೊಡಿಗೇಹಳ್ಳಿಯ ಕೆಳಸೇತುವೆಯಲ್ಲಿ ವಾಹನಗಳು ನಿಂತಿದ್ದವು. ಅತ್ತಿಗೆ ಸ್ಟಿಯರಿಂಗ್ ಬಿಟ್ಟು ನನ್ನ ಕಡೆ ತಿರುಗಿದರು. "ಯಶವಂತಪುರದವ್ರಿಗೆ ಏನ್ ಹೇಳ್ಲಿ? ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬಿಡು, ನಾನೇನ್ ಅಂದ್ಕೊಳಲ್ಲ." ಅಂದುಕೊಳ್ಳುತ್ತಾರೆ ಎಂದು ಮುಖ ಹೇಳುತ್ತಿತ್ತು. ಬೇಡ ಎಂದರೆ ನಂಬುವ ಜಾತಿ ಎಂಬುದೂ ನನಗೆ ಗೊತ್ತಿತ್ತು.

"ಒಪ್ಕೊಳ್ಳಿ. ಆದ್ರೆ ನವಿಲು ಒಂದೇ ಕಾಲಲ್ಲಿ ನಿಲ್ಲುತ್ತೆ" ಅಂದೆ.

"ಒಂದೇ ಕಾಲಲ್ಲಾ?" ಅತ್ತಿಗೆಯ ದನಿ ಒಮ್ಮೆಲೇ ಏರಿತು. "ಆಮೇಲೆ ಮದುವೆಗೆ ಬಂದೋರೆಲ್ಲ ಆ ಕಾಲೇ ನೋಡ್ಕೊಂಡ್ ನಿಂತಿರ್ತಾರೆ. ನನ್ ಗರಿ ಯಾರ್ ನೋಡ್ತಾರೆ?"

ಆ ದನಿಯಲ್ಲಿದ್ದದ್ದು ನನಗೆ ಬಹುಕಾಲದಿಂದ ಚೆನ್ನಾಗಿ ಗೊತ್ತಿದ್ದ ರುಚಿ. ಇನ್ನೊಬ್ಬರ ಬಾಯಲ್ಲಿ ಅದು ಇಷ್ಟು ಹಿತವಾಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಅಮೃತಹಳ್ಳಿ ಬರುವವರೆಗೂ ಅದನ್ನೇ ಚಪ್ಪರಿಸುತ್ತಾ ಕೂತೆ.